ಸಂಕದ ಮೇಲೆ ರಾತ್ರಿ ದಾಟುವವರು

ನಮ್ಮದು ಸಾಗರ ತಾಲ್ಲೂಕಿನಲ್ಲಿ ಒಂದೂವರೆ ಎಕರೆ ಅಡಿಕೆ ತೋಟ. ಒಂದು ಕಡೆ ಸೊಪ್ಪಿನ ಬೆಟ್ಟ, ಇನ್ನೊಂದು ಕಡೆ ಹಳ್ಳ. ಹಳ್ಳಕ್ಕೆ ಎರಡು ಅಡಿಕೆ ಮರ ಜೋಡಿಸಿ ಸಂಕ ಹಾಕಿದ್ದೇವೆ. ಸಂಕದ ಆಚೆ ತುದಿಯಲ್ಲಿ ಒಂದು ಚಪ್ಪಟೆ ಕಲ್ಲಿದೆ. ಕಾಫಿ ಹಣ್ಣಾಗುವ ದಿನಗಳಲ್ಲಿ ಆ ಕಲ್ಲಿನ ಮೇಲೆ ಬೆಳಿಗ್ಗೆ ಹಿಕ್ಕೆ ಬಿದ್ದಿರುತ್ತಿತ್ತು. ಒಡೆದು ನೋಡಿದರೆ ಬರೀ ಕಾಫಿ ಬೀಜ, ಒಂದೂ ಜಗಿದಿದ್ದಲ್ಲ. ಇದನ್ನು ಇಟ್ಟು ಹೋಗುವವರನ್ನು ಒಂದು ಸಲ ಕಣ್ಣಾರೆ ನೋಡಬೇಕು ಅನ್ನಿಸಿತು. ಟಾರ್ಚ್ ಹಿಡಿದು ಎರಡು ರಾತ್ರಿ ಕಾದೆ. ಏನೂ ಬರಲಿಲ್ಲ. ಆಮೇಲೆ ಸುಮಾರು 9 ಸಾವಿರ ಕೊಟ್ಟು, ಎದುರಿಗೆ ಪ್ರಾಣಿ ಬಂದರೆ ತಾನಾಗಿ ವಿಡಿಯೊ ತೆಗೆಯುವ ಒಂದು ಟ್ರೇಲ್ ಕ್ಯಾಮೆರಾ ತರಿಸಿದೆ.

ಮೊದಲ ವಾರ ಅದನ್ನು ಬಾಳೆ ಗಿಡಗಳ ಕಡೆ ಮುಖ ಮಾಡಿ, ಎದೆಯ ಎತ್ತರಕ್ಕೆ ಅಡಿಕೆ ಮರಕ್ಕೆ ಕಟ್ಟಿದ್ದೆ. ವಾರ ಬಿಟ್ಟು ಕಾರ್ಡ್ ತೆಗೆದರೆ 1,400 ವಿಡಿಯೊ! ಖುಷಿಯಿಂದ ಕೂತು ನೋಡಿದೆ. ಎಲ್ಲವೂ ಮಧ್ಯಾಹ್ನದ ಬಿಸಿಲಿಗೆ ಅಲ್ಲಾಡುವ ಬಾಳೆ ಎಲೆ. ರಾತ್ರಿಯವು ಏಳೆಂಟು ಮಾತ್ರ. ಅದರಲ್ಲೂ ಯಾವುದೋ ಪ್ರಾಣಿಯ ಬೆನ್ನು ಕೆಳಗಿನ ಅಂಚಿನಲ್ಲಿ ಹಾದು ಹೋಗಿತ್ತು, ಅಷ್ಟೆ.

ಹೀಗಾಗುವುದಕ್ಕೆ ಕಾರಣ ಇದೆ. ಈ ಕ್ಯಾಮೆರಾ ನಮ್ಮ ಹಾಗೆ ನೋಡುತ್ತಾ ಕೂರುವುದಿಲ್ಲ. ಅದರೊಳಗೆ ಶಾಖ ಗುರುತಿಸುವ ಸೆನ್ಸರ್ ಇದೆ. ಸುತ್ತಲಿಗಿಂತ ಬಿಸಿ ಜಾಸ್ತಿ ಇರುವ, ಇಲ್ಲವೇ ಕಡಿಮೆ ಇರುವ ವಸ್ತು ಎದುರಿಗೆ ಅಲ್ಲಾಡಿದರೆ ಕ್ಯಾಮೆರಾ ಎಚ್ಚರಾಗುತ್ತದೆ. ಬಿಸಿಲಿಗೆ ಕಾದ ಎಲೆ ಅಲ್ಲಾಡಿದರೂ ಸಾಕು. ಮಳೆಗಾಲದಲ್ಲಿ ನಮ್ಮ ಹಳ್ಳದ ತುಂಬ ಕಪ್ಪೆ ಇರುತ್ತವೆ. ನನ್ನ ವಿಡಿಯೊಗಳಲ್ಲಿ ಒಂದು ಕಪ್ಪೆಯೂ ಇಲ್ಲ. ಕಪ್ಪೆ, ಹಾವುಗಳ ಮೈ ಸುತ್ತಲಿನ ಗಾಳಿಯಷ್ಟೇ ತಣ್ಣಗಿರುತ್ತದೆ ಅಲ್ವಾ, ಸೆನ್ಸರ್‌ಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಇನ್ನೊಂದು ವಿಷಯ: ಪ್ರಾಣಿ ಕ್ಯಾಮೆರಾದ ಎದುರು ಅಡ್ಡ ದಾಟಿದರೆ ಸೆನ್ಸರ್ ಬೇಗ ಹಿಡಿಯುತ್ತದೆ. ನೇರ ಅದರ ಕಡೆಗೇ ನಡೆದು ಬಂದರೆ ತಡವಾಗುತ್ತದೆ.

ಇದು ಅರ್ಥವಾದ ಮೇಲೆ ಕ್ಯಾಮೆರಾ ಬಿಚ್ಚಿಟ್ಟು ನಾಲ್ಕು ದಿನ ಸುಮ್ನೆ ನೆಲ ನೋಡುತ್ತಾ ತಿರುಗಿದೆ. ಹೊಸದಾಗಿ ಕ್ಯಾಮೆರಾ ಕೊಂಡವರಿಗೆ ನಾನು ಮೊದಲು ಹೇಳುವುದೂ ಇದನ್ನೇ. ಬೆಳಿಗ್ಗೆ ಬೇಗ, ಕೆಲಸದವರು ಓಡಾಡುವ ಮೊದಲು ತೋಟಕ್ಕೆ ಹೋಗಿ. ಒದ್ದೆ ಮಣ್ಣಿನಲ್ಲಿ ಹೆಜ್ಜೆ ಎಲ್ಲಿದೆ, ದರಕು (ಉದುರಿದ ಒಣ ಎಲೆ) ಎಲ್ಲಿ ಸರಿದಿದೆ, ಬೇಲಿಯ ಅಡಿ ಎಲ್ಲಿ ನುಣುಪಾಗಿದೆ ನೋಡಿ. ಪ್ರಾಣಿಗಳೂ ನಮ್ಮ ಹಾಗೆ ಸುಲಭದ ದಾರಿ ಹುಡುಕುತ್ತವೆ. ನಮ್ಮ ತೋಟದ ಎಲ್ಲ ದಾರಿಗಳೂ ಆ ಸಂಕದಲ್ಲಿ ಕೂಡುತ್ತಿದ್ದವು.

ಸಂಕದಿಂದ ಮೂರೂವರೆ ಮೀಟರ್ ದೂರದಲ್ಲಿ ಒಂದು ಗೂಟ ಹುಗಿದು, ಮೊಣಕಾಲಿನ ಎತ್ತರಕ್ಕೆ ಕ್ಯಾಮೆರಾ ಕಟ್ಟಿದೆ. ಮುಖ ಉತ್ತರಕ್ಕೆ. ಪೂರ್ವ, ಪಶ್ಚಿಮಕ್ಕೆ ತಿರುಗಿಸಿದರೆ ಬೆಳಿಗ್ಗೆ, ಸಂಜೆ ಬಿಸಿಲು ನೇರ ಲೆನ್ಸಿಗೆ ಬೀಳುತ್ತದೆ. ಎದುರಿನ ಹುಲ್ಲು, ಜರಿಗಿಡ ಸವರಿದೆ. ಆಮೇಲೆ ನಾನೇ ನಾಲ್ಕು ಕಾಲಿನಲ್ಲಿ ಸಂಕದ ಮೇಲೆ ದಾಟಿ, ಕಾರ್ಡ್ ತೆಗೆದು ನೋಡಿದೆ. ಈ ಪರೀಕ್ಷೆ ಬಿಡಬೇಡಿ. ನಿಂತು ನಡೆದರೆ ನಮ್ಮ ಸೊಂಟ ಕಾಣುತ್ತದೆ, ಆದರೆ ನಾವು ಹುಡುಕುತ್ತಿರುವ ಪ್ರಾಣಿ ಅರ್ಧ ಅಡಿ ಎತ್ತರ ಇದ್ದರೆ ಅದು ಸಿಗುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ.

ಎರಡನೆಯ ರಾತ್ರಿ, 7 ಗಂಟೆ 52 ನಿಮಿಷ. ಕಪ್ಪು ಬಿಳುಪು ಚಿತ್ರದಲ್ಲಿ ಎರಡು ಹೊಳೆಯುವ ಕಣ್ಣು ಸಂಕದ ಮೇಲೆ ಬಂದವು. ಉದ್ದ ಮೈ, ಕುಳ್ಳ ಕಾಲು, ಮೈಯಷ್ಟೇ ಉದ್ದದ ಕಪ್ಪು ಬಾಲ. ಕಲ್ಲು ಮೂಸಿ ನೋಡಿತು, ಕೂತಿತು, ಹೋಯಿತು. ಕಾಫಿ ತಿನ್ನುವವರು ಸಿಕ್ಕರು! ಆ 15 ಸೆಕೆಂಡನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ನಮ್ಮೂರಲ್ಲಿ ಇಂಥದ್ದಕ್ಕೆಲ್ಲ ಕಬ್ಬೆಕ್ಕು ಎಂದೇ ಹೇಳುತ್ತಾರೆ. ಆದರೆ ತೋಟಕ್ಕೆ ಬರುವುದು ಎರಡು ಬೇರೆ ಪ್ರಾಣಿಗಳು ಎಂದು ಕ್ಯಾಮೆರಾದಿಂದ ತಿಳಿಯಿತು. ಒಂದರ ಬಾಲದಲ್ಲಿ ಬಳೆಯಿಲ್ಲ. ಮುಖಕ್ಕೆ ಕಪ್ಪು ಮುಸುಕು ಹಾಕಿದ ಹಾಗಿದೆ. ಅದು ನಿಜವಾದ ಕಬ್ಬೆಕ್ಕು, ಮರ ಹತ್ತಿ ಹಣ್ಣು ತಿನ್ನುತ್ತದೆ. ಇನ್ನೊಂದರ ಬಾಲದಲ್ಲಿ ಕಪ್ಪು ಬಿಳಿ ಬಳೆಗಳು, ಬೆನ್ನ ಮೇಲೆ ಉದ್ದ ಗೆರೆ, ಪಕ್ಕೆಯಲ್ಲಿ ಚುಕ್ಕೆ. ಅದು ಪುನುಗು ಬೆಕ್ಕು. ಜಾಸ್ತಿ ನೆಲದ ಮೇಲೇ ಓಡಾಡುತ್ತಾ ಇಲಿ, ಹುಳು ಹುಡುಕುತ್ತದೆ. ಗುರುತಿಗೆ ಬಾಲ ನೋಡಿದರೆ ಸಾಕು.

ಮುಳ್ಳುಹಂದಿ ಯಾವಾಗಲೂ ರಾತ್ರಿ 1ರಿಂದ 3ರ ಒಳಗೆ. ಮೊದಲು ಒಂದು, ನಾಲ್ಕು ಹೆಜ್ಜೆ ಹಿಂದೆ ಇನ್ನೊಂದು, ಮಾಘದಲ್ಲಿ ಜೊತೆಗೆ ಒಂದು ಮರಿ. ವಿಡಿಯೊದಲ್ಲಿ ಮುಳ್ಳಿನ ಸರಸರ ಶಬ್ದ ಚೆನ್ನಾಗಿ ಕೇಳುತ್ತದೆ. ಹುಣ್ಣಿಮೆಯ ಆಸುಪಾಸಿನಲ್ಲಿ ಅವು ನಮ್ಮ ಸಂಕಕ್ಕೆ ತೀರಾ ಕಡಿಮೆ ಬಂದಿವೆ. ಹೊಸ ಅಡಿಕೆ ಸಸಿಗಳ ಬುಡ ಕಡಿಯುವುದು, ಸುವರ್ಣಗಡ್ಡೆ ಬಗೆಯುವುದು ಇವುಗಳದ್ದೇ ಕೆಲಸ. ಯಾವ ಕಡೆಯಿಂದ ಬರುತ್ತವೆ ಎಂದು ಗೊತ್ತಾದ ಮೇಲೆ ಆ ಸಾಲಿನ 40 ಸಸಿಗಳಿಗೆ ಮಾತ್ರ ತಂತಿ ಬಲೆ ಸುತ್ತಿದೆವು. ಇಡೀ ತೋಟಕ್ಕೆ ಖರ್ಚು ಮಾಡುವುದು ತಪ್ಪಿತು. ಸಸಿಗಳೂ ಉಳಿದವು.

ಒಂದು ಬೆಳಿಗ್ಗೆ ಅಪ್ಪಯ್ಯನಿಗೆ ವಿಡಿಯೊ ತೋರಿಸುತ್ತಿದ್ದೆ. ಮೊಲದಷ್ಟು ದೊಡ್ಡದು, ಪೆನ್ಸಿಲಿನಂಥ ಕಾಲು, ಮೈ ಮೇಲೆ ಬಿಳಿ ಚುಕ್ಕೆ ಸಾಲು. ಅಪ್ಪಯ್ಯ ಕನ್ನಡಕ ಸರಿ ಮಾಡಿಕೊಂಡರು. “ಬರ್ಕ ಇದು ತಮಾ, ಬರ್ಕ!” ಅವರು ಅದನ್ನು ಕೊನೆಯ ಸಲ ನೋಡಿದ್ದು ನಾನು ಹುಟ್ಟುವ ಮೊದಲಂತೆ. ಇಂಗ್ಲಿಷಿನಲ್ಲಿ ಮೌಸ್ ಡಿಯರ್ ಎನ್ನುವ, ಕೊಂಬಿಲ್ಲದ, ಸುಮಾರು 3 ಕಿಲೋ ತೂಕದ ಈ ಪುಟ್ಟ ಪ್ರಾಣಿ ಬಿದ್ದ ಹಣ್ಣು, ಎಲೆ ತಿನ್ನುತ್ತದೆ. ಹೆದರಿದರೆ ಹಿಂಗಾಲಿನಿಂದ ನೆಲ ಬಡಿಯುತ್ತದೆ. ನಮ್ಮ ಹಲಸಿನ ಮರದ ಅಡಿ ಅದು ಬಂದು ಹೋಗುತ್ತಿದ್ದುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಹುಲಿಗಳನ್ನು ಕ್ಯಾಮೆರಾ ಇಟ್ಟು ಎಣಿಸುವ ಕ್ರಮವನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಮಾಡಿ ತೋರಿಸಿದರು. ಪಟ್ಟೆ ನೋಡಿ ಒಂದೊಂದು ಹುಲಿಯನ್ನು ಬೇರೆಯಾಗಿ ಗುರುತಿಸುವುದು. ಅದನ್ನೇ ಪುನುಗು ಬೆಕ್ಕಿನ ಚುಕ್ಕೆಗಳ ಮೇಲೆ ಪ್ರಯತ್ನಿಸಿದೆ. ಎಡ ಪಕ್ಕೆ ಚೆನ್ನಾಗಿ ಕಂಡ ಚಿತ್ರಗಳನ್ನು ಮಾತ್ರ ಹೋಲಿಸಿದೆ. ಕಡಿಮೆ ಎಂದರೂ ಮೂರು ಬೇರೆ ಬೇರೆ ಇವೆ. ಒಂದರ ಕಿವಿ ಹರಿದಿದೆ.

ನಮ್ಮ ಮಲೆನಾಡಿನ ಮಳೆ ಕ್ಯಾಮೆರಾಕ್ಕೆ ದೊಡ್ಡ ಶತ್ರು. ಲೆನ್ಸಿಗೆ ಒಳಗಿನಿಂದ ಮಂಜು ಕೂರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಒಳಗಿಟ್ಟು, ಹದಿನೈದು ದಿನಕ್ಕೊಮ್ಮೆ ಬದಲಿಸುತ್ತೇನೆ. ಇರುವೆಗಳು ಹಿಂಬದಿಯಲ್ಲಿ ಮೊಟ್ಟೆ ಸಮೇತ ಮನೆ ಮಾಡಿದ್ದೂ ಇದೆ. ವಾರಕ್ಕೊಮ್ಮೆ ಬಿಚ್ಚಿ ಒರೆಸಲೇಬೇಕು. ಬ್ಯಾಟರಿ 8 ಬೇಕು, ಎಂಟನ್ನೂ ಒಟ್ಟಿಗೇ ಬದಲಿಸಿ. ರಾತ್ರಿ ಚಿತ್ರಕ್ಕೆ ಕ್ಯಾಮೆರಾ ಬೆಳಗಿಸುವ ಇನ್‌ಫ್ರಾರೆಡ್ ದೀಪದ ವಿಷಯದಲ್ಲಿ, 850 ನ್ಯಾನೊಮೀಟರ್ ತರಂಗಾಂತರದ್ದು ದೂರದವರೆಗೆ ಬೆಳಕು ಕೊಡುತ್ತದೆ, ಆದರೆ ಮಸುಕಾಗಿ ಕೆಂಪು ಹೊಳೆಯುತ್ತದೆ. 940ರದ್ದು ಕಾಣುವುದೇ ಇಲ್ಲ, ದೂರ ಸ್ವಲ್ಪ ಕಡಿಮೆ. ಸಂಕದಷ್ಟು ಹತ್ತಿರದ ಜಾಗಕ್ಕೆ 940 ಸಾಕು.

ಕ್ಯಾಮೆರಾ ಇರುವ ಜಾಗ ಕೆಲಸದವರಿಗೆ ಹೇಳಿಬಿಟ್ಟಿದ್ದೇನೆ. ಬೆಳಿಗ್ಗೆ ಅವರು ಬರುವಷ್ಟರಲ್ಲಿ ಆಫ್ ಮಾಡುತ್ತೇನೆ. ಅವರ ಓಡಾಟ ರೆಕಾರ್ಡ್ ಆಗುವುದು ಸರಿಯಲ್ಲ. ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ಇಡಬಾರದು. ಬಿಲದ ಬಾಯಿಗೆ ಇಡಬೇಡಿ, ಮರಿ ಇದ್ದರೆ ತಾಯಿ ಹೆದರುತ್ತದೆ. ಚಿಪ್ಪುಹಂದಿ ಏನಾದರೂ ಸಿಕ್ಕರೆ ಊರು, ಜಾಗದ ಹೆಸರು ಹಾಕಿ ವಾಟ್ಸಾಪಿನಲ್ಲಿ ಹಂಚಲೇಬೇಡಿ. ಅದನ್ನು ಹಿಡಿದು ಮಾರುವವರು ಇದ್ದಾರೆ.

ಹೋದ ವರ್ಷ ಸಂಕದ ಮರ ಕೊಳೆತು ಕುಂಬಾಯಿತು. ಪಕ್ಕದಲ್ಲೇ ಹೊಸದು ಹಾಕಿದೆವು, ಹಳೆಯದನ್ನು ತೆಗೆಯಲಿಲ್ಲ. ಕ್ಯಾಮೆರಾದಲ್ಲಿ ಎರಡೂ ಕಾಣುವ ಹಾಗೆ ಗೂಟ ಸರಿಸಿದೆ. ಹನ್ನೊಂದು ರಾತ್ರಿ ಎಲ್ಲವೂ ಹಳೆಯದರ ಮೇಲೇ ದಾಟಿದವು. ಹನ್ನೆರಡನೆಯ ರಾತ್ರಿ ಕಿವಿ ಹರಿದ ಪುನುಗು ಬೆಕ್ಕು ಹೊಸ ಮರವನ್ನು ಮೂಸಿತು, ಒಂದು ಕಾಲು ಇಟ್ಟಿತು, ಹಿಂದೆ ಸರಿಯಿತು, ಮತ್ತೆ ಬಂದು ಮೆಲ್ಲಗೆ ದಾಟಿತು. ಮುಳ್ಳುಹಂದಿಗಳು ಇನ್ನೂ ಹಳೆಯದನ್ನೇ ಬಳಸುತ್ತಿವೆ. ಅದು ತಾನಾಗಿ ಮುರಿದು ಬೀಳುವವರೆಗೆ ಅಲ್ಲೇ ಇರುತ್ತದೆ.