ಹಳೇ ಎಜಿಪಿ ಕಾರ್ಡ್ ತಗೊಳ್ಳೋ ಮುಂಚೆ ಕಚ್ಚು ನೋಡಿ

ವಿಂಡೋಸ್ 98 ಗೇಮ್‌ಗಳಿಗೆ ಹಳೇ ಪಿಸಿ ಜೋಡಿಸುತ್ತಿರುವವರಿಗೆ ಒಂದು ಮಾತು. ಹೆಸರು ಕೇಳಿ ಎಜಿಪಿ ಕಾರ್ಡ್ (ಆ ಕಾಲದ ಗ್ರಾಫಿಕ್ಸ್ ಕಾರ್ಡ್) ತಗೋಬೇಡಿ, ಮೊದಲು ಮದರ್‌ಬೋರ್ಡ್ ನೋಡಿ.

ಎಜಿಪಿ ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳ ಸಾಲಿನಲ್ಲಿ ಒಂದು ಕಚ್ಚು, ಅಂದರೆ ಕತ್ತರಿಸಿದಂಥ ಸಂದು, ಇರುತ್ತೆ. ಅದು ಮಾನಿಟರ್ ಕೇಬಲ್ ಸಿಕ್ಕಿಸುವ ತಗಡಿನ ಹತ್ತಿರ ಇದ್ದರೆ 3.3 ವೋಲ್ಟ್, ದೂರ ಇದ್ದರೆ 1.5 ವೋಲ್ಟ್. ಎರಡೂ ಕಡೆ ಇದ್ದರೆ ಸಾಮಾನ್ಯವಾಗಿ ಎರಡಕ್ಕೂ ಹೊಂದುತ್ತೆ. ಆದರೆ ಎರಡು ಕಚ್ಚಿದ್ದರೂ 3.3 ವೋಲ್ಟ್ ಮಾತ್ರ ಕೇಳುವ ಕಾರ್ಡ್‌ಗಳಿವೆ. 3ಡಿಎಫ್‌ಎಕ್ಸ್ ಕಂಪನಿಯ 1999ರ ಗ್ರಾಫಿಕ್ಸ್ ಕಾರ್ಡ್ ವೂಡೂ 3 ಕೂಡ 3.3 ವೋಲ್ಟ್ ಕಾರ್ಡೇ. ಅಂಥದ್ದನ್ನು 1.5 ವೋಲ್ಟ್‌ಗೆ ಮಾಡಿದ ಇಂಟೆಲ್ 845 ಅಥವಾ 865 ಚಿಪ್‌ಸೆಟ್‌ನ ಪೆಂಟಿಯಂ 4 ಬೋರ್ಡಿಗೆ ಹಾಕಿದರೆ ಬೋರ್ಡೇ ಸುಟ್ಟುಹೋಗಬಹುದು. ಪೆಂಟಿಯಂ 3 ಕಾಲದ 440ಬಿಎಕ್ಸ್ ಬೋರ್ಡ್ ಇದ್ದರೆ ಧೈರ್ಯವಾಗಿ ಹಾಕಿ.

ವೂಡೂ ಬೇಕಾಗುವುದು ಗ್ಲೈಡ್‌ಗಾಗಿ, ಅಂದರೆ ವೂಡೂ ಕಾರ್ಡ್‌ಗಳಿಗೇ ಮಾಡಿದ 3ಡಿ ಗ್ರಾಫಿಕ್ಸ್ ತಂತ್ರಾಂಶಕ್ಕಾಗಿ. 1998ರ ಅನ್‌ರಿಯಲ್ ಗೇಮನ್ನು ಗ್ಲೈಡ್‌ನಲ್ಲಿ ಆಡಿದರೆ ಆ ಖುಷಿಯೇ ಬೇರೆ! ಗ್ಲೈಡ್ ಬೇಡ ಅಂದರೆ ಸುಮ್ನೆ ಜಾಸ್ತಿ ದುಡ್ಡು ಯಾಕೆ ಅಲ್ವಾ? ಎನ್ವಿಡಿಯಾದ ಜೀಫೋರ್ಸ್ 2 ಎಂಎಕ್ಸ್ ಕಾರ್ಡ್ ಸಾಕು.

ಕೊಳ್ಳುವಾಗ ಕಾರ್ಡಿನ ಮೇಲಿರುವ ಕೆಪಾಸಿಟರ್‌ಗಳ (ಸಣ್ಣ ಡಬ್ಬಿಯಂಥ ಬಿಡಿಭಾಗಗಳ) ತಲೆ ಬೆರಳಲ್ಲಿ ಸವರಿ. ಉಬ್ಬಿದ್ದರೆ ಬಿಟ್ಟುಬಿಡಿ. ಫ್ಯಾನ್ ನಿಂತಿದ್ದರೆ ಚಿಂತೆಯಿಲ್ಲ, ಬೇರೆ ಹಾಕಬಹುದು.