ಹಳೇ ಸ್ಯಾಟಲೈಟ್ ರಿಸೀವರ್ ಈಗ ತಗೋಬಹುದಾ? ದುಡ್ಡು ಕೊಡೋ ಮುಂಚೆ ಹೀಗೆ ಟೆಸ್ಟ್ ಮಾಡಿ

ಸೆಕೆಂಡ್ ಹ್ಯಾಂಡ್ ರಿಸೀವರ್ (ಡಿಶ್ ಸಿಗ್ನಲ್‌ನ ಟಿವಿಗೆ ಕೊಡೋ ಬಾಕ್ಸ್) ತಗೊಳ್ಳೋರು ಸಾಮಾನ್ಯವಾಗಿ ಏನ್ ಮಾಡ್ತಾರೆ ಅಂದ್ರೆ, ಪ್ಲಗ್ ಹಾಕ್ತಾರೆ, ಲೈಟ್ ಹತ್ತತ್ತೆ, ಒಂದು ಚಾನಲ್ ಬರತ್ತೆ, ಸರಿ ಅಂತ ದುಡ್ಡು ಕೊಟ್ಟು ಎತ್ಕೊಂಡು ಬಂದ್ಬಿಡ್ತಾರೆ. ಮನೇಲಿ ನೋಡಿದ್ರೆ ಅರ್ಧ ಚಾನಲ್ ಇಲ್ಲ, ಕೆಲವದ್ರಲ್ಲಿ ಸೌಂಡ್ ಬರತ್ತೆ ಪಿಕ್ಚರ್ ಬರಲ್ಲ, ಆಮೇಲೆ ಶುರು ಡಿಶ್ ತಿರುಗಿಸೋದು. ಸರಿಯಾಗಿದ್ದ ಡಿಶ್ಶೂ ಹಾಳು. ಹಳೇ ಬಾಕ್ಸ್ ತಗೋಬಹುದು, ನಾನು ಬೇಡ ಅನ್ನಲ್ಲ, ಆದ್ರೆ ಯಾವ ಕಾಲದ್ದು ಅಂತ ನೋಡಿ, ಅಲ್ಲೇ ನಿಂತು ಟೆಸ್ಟ್ ಮಾಡಿ ತಗೊಳ್ಳಿ.

ಮೊದಲು ಬಾಕ್ಸ್ ತಳದಲ್ಲೋ ಹಿಂದೇನೋ ಇರೋ ಲೇಬಲ್ ಓದಿ, ಮಾಡೆಲ್ ನಂಬರ್ ಹಾಕಿ ನೆಟ್ಟಲ್ಲಿ ಹುಡುಕಿ. ಬರೀ ಡಿವಿಬಿ-ಎಸ್ (ಸ್ಯಾಟಲೈಟಿಂದ ಸಿಗ್ನಲ್ ಕಳಿಸೋ ರೀತಿ), ಎಂಪೆಗ್-2 (ವಿಡಿಯೋ ಚಿಕ್ಕದು ಮಾಡೋ ಫಾರ್ಮ್ಯಾಟ್) ಅಂತಿದ್ರೆ ಅದು 90ರ ದಶಕದ ಸ್ಟ್ಯಾಂಡರ್ಡು. 2005ರಲ್ಲಿ ಡಿವಿಬಿ-ಎಸ್2 ಬಂತು, ಸ್ಯಾಟಲೈಟ್‌ನ ಅಷ್ಟೇ ಫ್ರೀಕ್ವೆನ್ಸಿ ಜಾಗದಲ್ಲಿ ಸುಮಾರು ಶೇ 30ರಷ್ಟು ಜಾಸ್ತಿ ಡೇಟಾ ಕಳಿಸಬಹುದು ಅಂತ ತುಂಬಾ ಚಾನಲ್‌ಗಳು ಅದಕ್ಕೇ ಹೋದ್ವು. ಎಸ್2 ಬಾಕ್ಸಲ್ಲಿ ಹಳೇ ಎಸ್ ಚಾನಲ್‌ಗಳೂ ಬರ್ತವೆ, ಎಸ್ ಬಾಕ್ಸಲ್ಲಿ ಎಸ್2 ಏನ್ ಮಾಡಿದ್ರೂ ಬರಲ್ಲ. ವಿಡಿಯೋ ಫಾರ್ಮ್ಯಾಟ್‌ದೂ ಇದೇ ಕಥೆ, ಎಂಪೆಗ್-2 ಆದ್ಮೇಲೆ ಎಚ್.264 ಬಂತು, 2013ರಲ್ಲಿ ಎಚ್‌ಇವಿಸಿ ಬಂತು, ಇದನ್ನೆಲ್ಲಾ ಬಿಡಿಸೋದು ಒಳಗಿರೋ ಚಿಪ್. ‘ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ರೆ ಬರತ್ತೆ’ ಅಂತ ಮಾರೋರು ಹೇಳಿದ್ರೆ ನಂಬ್ಬೇಡಿ, ಚಿಪ್ಪಲ್ಲಿ ಇಲ್ಲದ್ದು ಅಪ್‌ಡೇಟಲ್ಲಿ ಬರಲ್ಲ.

ನನ್ನ ಪ್ರಕಾರ ಎಸ್2, ಎಚ್.264, ಎಚ್‌ಡಿಎಂಐ ಈ ಮೂರೂ ಇರ್ಲೇಬೇಕು, ಇಲ್ಲಾಂದ್ರೆ ಪುಕ್ಕಟೆ ಕೊಟ್ರೂ ಮನೆ ಟಿವಿಗೆ ಬೇಡ. ನೀವು ನೋಡೋ ಚಾನಲ್ ಯಾವ ಫಾರ್ಮ್ಯಾಟಲ್ಲಿ ಬರ್ತಿದೆ ಅಂತ ಲಿಂಗ್‌ಸ್ಯಾಟ್ ಅನ್ನೋ ವೆಬ್‌ಸೈಟಿನ ಪಟ್ಟೀಲಿ ಮೊದಲೇ ನೋಡ್ಕೊಳ್ಳಿ, ಎರಡು ನಿಮಿಷದ ಕೆಲಸ.

ಕಾರ್ಡ್ ಸ್ಲಾಟ್ ಇದೆ ಅಂದ ಮಾತ್ರಕ್ಕೆ ಪೇ ಚಾನಲ್ ಬರತ್ತೆ ಅಂತಲ್ಲ. ಪೇ ಕಂಪನಿಗಳ ಬಾಕ್ಸ್ ಸಾಮಾನ್ಯವಾಗಿ ಅವರ ಸರ್ವೀಸ್‌ಗೇ ಲಾಕ್ ಆಗಿರತ್ತೆ, ಕಾರ್ಡೂ ಆ ಒಂದೇ ಬಾಕ್ಸ್‌ಗೆ ಜೋಡಿ ಆಗಿರಬಹುದು. ಕಂಪನಿಯವರು ಆ ಮಾಡೆಲ್‌ನ ಇನ್ನೂ ಆಕ್ಟಿವೇಟ್ ಮಾಡ್ತಾರಾ ಅಂತ ಕೇಳದೇ ತಗೋಬೇಡಿ. ‘ಎಲ್ಲಾ ಪೇ ಚಾನಲ್ ಫ್ರೀ’ ಅಂತ ಮಾರೋ ಬಾಕ್ಸ್ ಅಂತೂ ಮುಟ್ಲೇಬೇಡಿ. ಅದು ಕಳ್ಳ ವ್ಯವಹಾರ, ಪೇ ಕಂಪನಿಯವರು ಚಾನಲ್ ತೆರೆಯೋ ಕೀ (ಕೋಡ್) ಬದಲಾಯಿಸಿದ ದಿನ ಸ್ಕ್ರೀನ್ ಕಪ್ಪು.

ಈಗ ಟೆಸ್ಟಿಂಗ್. ಎಲ್ಲಾರೂ ಎಡವೋದು ಇಲ್ಲೇ.

ಹೋದ ತಕ್ಷಣ ಬಾಕ್ಸ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ರೆ ನೀವು ಬರೋ ಮುಂಚೇನೇ ಆನ್ ಮಾಡಿ ಇಟ್ಟಿದಾರೆ ಅಂತರ್ಥ. ಪ್ಲಗ್ ಕೀಳ್ಸಿ, ಪೂರ್ತಿ ತಣ್ಣಗಾಗೋವರೆಗೂ ಕಾಯಿರಿ. ಹಳೇ ಬಾಕ್ಸಲ್ಲಿ ಮೊದಲು ಹೋಗೋದು ಪವರ್ ಸಪ್ಲೈನ ಕೆಪಾಸಿಟರ್ (ಚಾರ್ಜ್ ಹಿಡಿದಿಡೋ ಪುಟ್ಟ ಡಬ್ಬಿ), ಅದು ಬಿಸಿ ಇದ್ದಾಗ ಹೇಗೋ ಕೆಲಸ ಮಾಡತ್ತೆ, ತಣ್ಣಗಿದ್ದಾಗ ಆನ್ ಮಾಡಿದ್ರೆ ಲೈಟ್ ಮಿಣಮಿಣ ಅನ್ನತ್ತೆ, ಟಿಕ್ ಟಿಕ್ ಸದ್ದು ಬರತ್ತೆ, ಮೂರ್ನಾಕು ಸಲ ಆಫ್ ಆನ್ ಮಾಡಿದ್ಮೇಲೆ ಏಳತ್ತೆ. ಗಾಳಿ ಕಿಂಡಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ಕೆಪಾಸಿಟರ್‌ಗಳ ತಲೆ ಚಪ್ಪಟೆ ಇರಬೇಕು, ಪೂರಿ ಥರ ಉಬ್ಬಿದ್ರೆ ಅಥವಾ ಬುಡದಲ್ಲಿ ಕಂದು ಅಂಟು ಕಂಡ್ರೆ ವಾಪಸ್ ಬನ್ನಿ. ಮುಚ್ಚಳ ಬಿಚ್ಚೋಕೆ ಹೋಗ್ಬೇಡಿ, 230 ವೋಲ್ಟ್ ಲೈನಲ್ಲಿ ಓಡೋ ಸಪ್ಲೈ ಒಳಗೆ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಿಂತ ಜಾಸ್ತಿ ಚಾರ್ಜ್ ಉಳ್ಕೊಂಡಿರಬಹುದು.

ಆನ್ ಆಯ್ತಾ, ಒಂದು ಚಾನಲ್ ನೋಡಿ ಖುಷಿ ಪಡ್ಬೇಡಿ. ರಿಸೀವರ್ರು ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯೋ ಭಾಗ) 13 ಅಥವಾ 18 ವೋಲ್ಟ್ ಕಳಿಸತ್ತೆ, 13 ಆದ್ರೆ ವರ್ಟಿಕಲ್ (ಲಂಬ ಅಲೆ) ಚಾನಲ್, 18 ಆದ್ರೆ ಹಾರಿಜಾಂಟಲ್ (ಅಡ್ಡ ಅಲೆ). ಯೂನಿವರ್ಸಲ್ ಎಲ್‌ಎನ್‌ಬಿ (ಎರಡು ಬ್ಯಾಂಡ್ ಹಿಡಿಯೋದು) ಇದ್ರೆ ಇದ್ರ ಜೊತೆ 22 ಕಿಲೋಹರ್ಟ್ಜ್ ಟೋನ್ ಕಳಿಸಿದ್ರೆ ಹೈ ಬ್ಯಾಂಡ್, ಇಲ್ಲಾಂದ್ರೆ ಲೋ ಬ್ಯಾಂಡ್. ಅಂದ್ರೆ ಒಟ್ಟು ನಾಕು ಕಾಂಬಿನೇಶನ್. ನಾಕರಲ್ಲೂ ಒಂದೊಂದು ಚಾನಲ್ ಹಾಕಿಸಿ ನೋಡಿ. ವರ್ಟಿಕಲ್ ಎಲ್ಲಾ ಬಂದು ಹಾರಿಜಾಂಟಲ್ ಒಂದೂ ಬರ್ಲಿಲ್ಲ ಅಂದ್ರೆ ಬಾಕ್ಸಿಗೆ 18 ವೋಲ್ಟ್ ಎತ್ತೋಕಾಗ್ತಿಲ್ಲ ಅಂತ ಅನುಮಾನ ಪಡಿ, ಅದೇ ಕೇಬಲ್‌ನ ಚೆನ್ನಾಗಿರೋ ಇನ್ನೊಂದು ಬಾಕ್ಸ್‌ಗೆ ಹಾಕಿ, ಅದ್ರಲ್ಲಿ ಬಂದ್ರೆ ತಪ್ಪು ಈ ಬಾಕ್ಸ್‌ದೇ. ಸಿ ಬ್ಯಾಂಡ್ ಡಿಶ್ (ದೊಡ್ಡ ಡಿಶ್) ಆದ್ರೆ ಈ ಟೋನ್ ಲೆಕ್ಕ ಇಲ್ಲ, ವೋಲ್ಟೇಜ್ ಎರಡು ನೋಡಿದ್ರೆ ಸಾಕು. ಕೇಬಲ್ ಹಾಕೋವಾಗ ತೆಗೆಯೋವಾಗ ಮಾತ್ರ ಪ್ಲಗ್ ಕಿತ್ತಿರಲಿ, ಕೇಬಲ್‌ನ ಹೊರಗಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದ್ರೆ ಶಾರ್ಟ್ ಆಗತ್ತೆ.

ಸಿಗ್ನಲ್ ಸ್ಕ್ರೀನಲ್ಲಿ ಎರಡು ಪಟ್ಟಿ ಇರತ್ತೆ, ಸ್ಟ್ರೆಂತ್ ಮತ್ತೆ ಕ್ವಾಲಿಟಿ. ಸ್ಟ್ರೆಂತ್ 90 ತೋರಿಸಿ ‘ನೋಡಿ ಎಷ್ಟು ಚೆನ್ನಾಗಿದೆ’ ಅಂತಾರೆ. ಡಿಶ್ ಖಾಲಿ ಆಕಾಶ ನೋಡ್ತಿದ್ರೂ ಎಲ್‌ಎನ್‌ಬಿಯ ನಾಯ್ಸಿಗೇ ಸ್ಟ್ರೆಂತ್ ಏರಿರತ್ತೆ, ಕ್ವಾಲಿಟಿ ನೋಡಿ. ಕೊನೇಗೆ ಒಂದು ಎಚ್‌ಡಿ ಹಾರಿಜಾಂಟಲ್ ಚಾನಲ್ ಹಾಕಿ ಒಂದು ಗಂಟೆ ಓಡಲಿ ಬಿಡಿ, ಬಿಸಿಯಾದ್ಮೇಲೆ ಪಿಕ್ಚರ್ ಚೌಕ ಚೌಕ ಒಡೆದ್ರೆ ಅಥವಾ ತಾನೇ ರೀಸ್ಟಾರ್ಟ್ ಆದ್ರೆ ಮಾತೇ ಬೇಡ.

ರಿಮೋಟ್ ಇಲ್ಲದ ಬಾಕ್ಸ್ ಬೇಡ, ಎಷ್ಟೋ ಬಾಕ್ಸಲ್ಲಿ ಮುಂದಿನ ಬಟನ್ನಿಂದ ಮೆನು ಒಳಗೆ ಹೋಗೋಕೇ ಆಗಲ್ಲ. ಡ್ರೀಮ್‌ಬಾಕ್ಸ್ ಅನ್ನೋ ಬ್ರ್ಯಾಂಡ್ ಹೆಸರಲ್ಲಿ ನಕಲಿ ತುಂಬಾ ಇದೆ, ಅಸಲಿ ಆದ್ರೂ ಅದರ ಹಳೇ ಡಿಎಂ500 ಮಾಡೆಲ್ (ಎಚ್‌ಡಿ ಅಲ್ಲದ್ದು) ಬರೀ ಡಿವಿಬಿ-ಎಸ್, ಅದು ಗೊತ್ತಿರಲಿ.

ಬರೀ ಡಿವಿಬಿ-ಎಸ್ ಬಾಕ್ಸ್ ಒಂದು ಈಗಾಗ್ಲೇ ಮನೇಲಿದ್ರೆ ಎಸೀಬೇಡಿ, ಡಿಶ್ ಅಲೈನ್ ಮಾಡೋಕೆ ಅದು ಸಾಕು, ಆ ಸ್ಯಾಟಲೈಟಲ್ಲಿ ಒಂದಾದ್ರೂ ಹಳೇ ಎಸ್ ಟ್ರಾನ್ಸ್‌ಪಾಂಡರ್ (ಸ್ಯಾಟಲೈಟಿಂದ ಚಾನಲ್ ಕಳಿಸೋ ಭಾಗ) ಇರಬೇಕು ಅಷ್ಟೇ.

ತಗೊಂಡು ಬಂದ್ಮೇಲೆ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ, ಹಿಂದಿನವರ ಡೈಸೆಕ್ (ಒಂದೇ ಬಾಕ್ಸ್‌ಗೆ ಹಲವು ಎಲ್‌ಎನ್‌ಬಿ ಜೋಡಿಸೋ ಸ್ವಿಚ್) ಪೋರ್ಟ್ ಸೆಟ್ಟಿಂಗ್ ಹಾಗೇ ಉಳಿದಿದ್ರೆ ಚಾನಲ್ ಹುಡುಕಿದ್ರೂ ಸಿಗಲ್ಲ. ಪಿನ್ ಕೇಳಿದ್ರೆ 0000 ಇಲ್ಲಾ 1234 ಹಾಕಿ ನೋಡಿ, ಆಮೇಲೆ ಬ್ಲೈಂಡ್ ಸ್ಕ್ಯಾನ್ (ಫ್ರೀಕ್ವೆನ್ಸಿ ಹಾಕದೇ ತಾನೇ ಎಲ್ಲಾ ಚಾನಲ್ ಹುಡುಕೋದು) ಇದ್ರೆ ಅದನ್ನೇ ಕೊಡಿ.