ಕ್ಯಾನ್‌ಬೆರಾಗೆ ತೂತು ಕೊರೆದೆ, ವಿಮಾನ ಉಳಿಯಿತು: ನನ್ನ ಅನುಭವ

ಈ ಸಲದ ಮಳೆಗಾಲವೂ ಕಳೆಯಿತು. ನಮ್ಮ ಕಾಲೇಜಿನ ಅಂಗಳದ ಕ್ಯಾನ್‌ಬೆರಾ ಬಾಂಬರ್‌ನ ಹೊಟ್ಟೆಯೊಳಗೆ ಒಂದು ಹನಿ ನೀರಿಲ್ಲ. "ವಿಮಾನಕ್ಕೆ ತೂತು ಕೊರೀತೀರಾ?" ಎಂದು ತಲೆ ಅಲ್ಲಾಡಿಸಿದವರೇ ಈಗ ಬಂದು ನೋಡಿಕೊಂಡು ಹೋಗುತ್ತಿದ್ದಾರೆ.

ಈ ಜಾತಿಯ ಬಾಂಬರ್ ನಮ್ಮ ವಾಯುಪಡೆಗೆ ಬಂದದ್ದು 1957ರಲ್ಲಿ. 1961ರಲ್ಲಿ ಗೋವಾ ವಿಮೋಚನೆಯ ವೇಳೆ ಅಲ್ಲಿನ ದಾಬೋಲಿಂ ರನ್‌ವೇ ಮೇಲೆ ಬಾಂಬ್ ಹಾಕಿದ್ದು, ವಿಶ್ವಸಂಸ್ಥೆ ಪರವಾಗಿ ಕಾಂಗೋದಲ್ಲಿ ಹಾರಿದ್ದು ಇದರ ಬಳಗವೇ. 2007ರಲ್ಲಿ ಆಗ್ರಾದಲ್ಲಿ ವಿದಾಯ ಹೇಳಿದರು. 50 ವರ್ಷ ದುಡಿದ ವಿಮಾನ ಸ್ಟ್ಯಾಂಡಿನ ಮೇಲೆ ಕೊಳೆಯುವುದನ್ನು ನೋಡಲು ನನ್ನಿಂದ ಆಗಲಿಲ್ಲ.

ಎಲ್ಲರೂ ಮಾಡುವುದೇನು? ಸಂದುಗಳಿಗೆ ಸಿಲಿಕೋನ್ ತುಂಬಿಸಿ ಬಣ್ಣ ಹೊಡೆಸುತ್ತಾರೆ. ನನಗಿಂತ ಮೊದಲು ಬಂದ ಕಂಟ್ರಾಕ್ಟರ್ ಕೂಡ ಅದನ್ನೇ ಮಾಡಿದ್ದ. ಸುಮಾರು 2 ಲಕ್ಷ ಹೋಯಿತು, ಮುಂದಿನ ಮಳೆಗೇ ಬಣ್ಣ ಗುಳ್ಳೆ ಎದ್ದಿತು. ಕ್ಯಾನಪಿ (ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ) ಅಂಚಿನಿಂದ, ರಿವೆಟ್ ಸಂದಿಯಿಂದ ನೀರು ಬಂದೇ ಬರುತ್ತದೆ. ಅದಕ್ಕೆ ಹೊರಗೆ ಹೋಗಲು ದಾರಿ ಬೇಕು. ಮೂಲ ಡ್ರೈನ್ ತೂತುಗಳು ಇವೆ, ಆದರೆ ಚಕ್ರದ ಮೇಲೆ ನಿಂತ ವಿಮಾನಕ್ಕೆ ಮಾಡಿದವು ಅವು. ನಮ್ಮದು ಮೂತಿ ಎತ್ತಿ ನಿಂತಿದೆ, ನೀರೆಲ್ಲ ಬಾಲದ ಕಡೆಗೆ. ಬಕೆಟ್‌ಗಟ್ಟಲೆ ನೀರು ಹೊಯ್ದು, ಎಲ್ಲಿ ನಿಲ್ಲುತ್ತದೆ ಅಂತ ಗುರುತು ಹಾಕಿ, ಫ್ರೇಮ್‌ಗೆ ತಾಗದ ಹಾಗೆ 8 ಎಂಎಂ ಕೊರೆದೆ. ಅಂಚಿಗೆಲ್ಲ ಪ್ರೈಮರ್. ಕೂಲಿ ಸೇರಿ 12 ಸಾವಿರದ ಆಸುಪಾಸು ಆಗಿರಬೇಕು.

ಜಾಸ್ತಿ ಕಾಡಿದ್ದು ಫಿನ್, ಅಂದರೆ ಬಾಲದ ಮೇಲೆ ನೆಟ್ಟಗೆ ನಿಂತ ರೆಕ್ಕೆ. ಇಡೀ ವಿಮಾನ ಲೋಹ, ಫಿನ್‌ನ ಮುಂಭಾಗ ಮಾತ್ರ ಮರ. ಬೆರಳಲ್ಲಿ ಒತ್ತಿದರೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಕುಸಿಯುತ್ತಿತ್ತು. ಫೈಬರ್ ಹೊದಿಸಿದರೆ ಸಾಕು ಎಂದು ಕಮಿಟಿಯವರ ಹಟ. ಹೊದಿಸಿದೆವು. ತೇವ ಒಳಗೇ ಸಿಕ್ಕಿಕೊಂಡು ವರ್ಷದೊಳಗೆ ಪದರ ಬಿಟ್ಟುಕೊಂಡಿತು. 40 ಸಾವಿರ ಸುಮ್ನೆ ಹೋಯಿತು. ಆಮೇಲೆ ಕೊಳೆತದ್ದನ್ನೆಲ್ಲ ಕಿತ್ತು ಮರೀನ್ ಪ್ಲೈನಲ್ಲಿ (ನೀರು ತಡೆಯುವ ಪ್ಲೈವುಡ್) ಹೊಸದಾಗಿ ಕಟ್ಟಿದೆ. ಆ ತುದಿಯ ದುಂಡಿಗೆ ಪ್ಲೈ ಸೀಳದಂತೆ ಬಗ್ಗಿಸಿದ್ದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಕೆಲಸಕ್ಕೆ ಕೈ ಜೋಡಿಸಿದವರಿಗೆ ತೋರಿಸುತ್ತೇನೆ. ಈ ಊರಲ್ಲಿ ಆ ಕೆಲಸ ಬೇರೆ ಯಾರಿಗೂ ಬರಲ್ಲ.

ನಡುವೆ ಒಂದು ಪ್ರಯೋಗ. ಕರಾವಳಿಯಲ್ಲಿ ದೋಣಿಗೆ ಬಳಿಯುವ ಗೇರೆಣ್ಣೆಯನ್ನು ಪ್ಲೈ ತುಂಡಿಗೆ ಹಚ್ಚಿ ಇಡೀ ಮಳೆಗಾಲ ತಾರಸಿ ಮೇಲೆ ಇಟ್ಟೆ. ಮರ ಗಟ್ಟಿಯಾಗೇ ಇತ್ತು, ಆದರೆ ಮೇಲೆ ಬಣ್ಣ ಹಿಡಿಯಲಿಲ್ಲ. ಫಿನ್‌ನ ಒಳಮೈಗೆ ಅದನ್ನೇ ಬಳಿದೆ. ಅಲ್ಲಿ ಬಣ್ಣ ಯಾಕೆ ಬೇಕು, ಅಲ್ವಾ?

ಸ್ಟೀಲ್ ಸ್ಕ್ರೂಗಳನ್ನು ನೇರವಾಗಿ ಅಲ್ಯೂಮಿನಿಯಂಗೆ ಹಾಕಬೇಡಿ. ನೈಲಾನ್ ವಾಷರ್ ಇರಲಿ, ಇಲ್ಲದಿದ್ದರೆ ಸುತ್ತ ಬಿಳಿ ಪುಡಿ ಏಳುತ್ತದೆ. ಬಿಸಿಲಿಗೆ ಕ್ಯಾನಪಿಯ ಪರ್ಸ್‌ಪೆಕ್ಸ್‌ನಲ್ಲಿ (ಗಾಜಿನಂಥ ಪ್ಲಾಸ್ಟಿಕ್) ಕೂದಲೆಳೆ ಸೀಳು ಬಂದಿವೆ. ಕವರ್ ಹೊಲಿಯಲು ಟಾರ್ಪಾಲಿನ್‌ನವನು 15 ಸಾವಿರ ಕೇಳಿದ್ದಾನೆ, 10ಕ್ಕೆ ಇಳಿಸಬೇಕು.